ರಾತ್ರಿ ಪಾಳಿಯ ಗಿಡ: ಕುಂಡದ ಕಾಡುಬಸಳೆ ಮತ್ತು ಅದರ ಹುಳಿ ಎಲೆಯ ಕಥೆ

ಕಳೆದ ವರ್ಷ ನಮ್ಮ ಬಾಡಿಗೆ ಕೋಣೆಯ ಕಿಟಕಿಯಲ್ಲಿ ಮೂರು ಸಕ್ಯುಲೆಂಟ್ ಗಿಡ ಸತ್ತವು. ಸಕ್ಯುಲೆಂಟ್ ಅಂದರೆ ಎಲೆಯಲ್ಲೋ ಕಾಂಡದಲ್ಲೋ ನೀರು ತುಂಬಿಟ್ಟುಕೊಳ್ಳುವ ಗಿಡ. ಲೋಳೆಸರ, ಪಾಪಾಸುಕಳ್ಳಿ ಎಲ್ಲ ಇದೇ ಬಗೆ. ನರ್ಸರಿಯಿಂದ ತಂದಾಗ ಮೂರೂ ಚೆನ್ನಾಗಿದ್ದವು. ಕೋಣೆಯಲ್ಲಿ ನಾವು ನಾಲ್ವರು, ನಾಲ್ವರಿಗೂ ಗಿಡದ ಮೇಲೆ ಪ್ರೀತಿ. ಒಬ್ಬರು ಬೆಳಿಗ್ಗೆ ಹಲ್ಲುಜ್ಜುತ್ತ ಒಂದು ಲೋಟ ನೀರು ಹಾಕುವುದು, ಅದು ಗೊತ್ತಿಲ್ಲದೆ ಇನ್ನೊಬ್ಬರು ಸಂಜೆ ಇನ್ನೊಂದು ಲೋಟ ಹಾಕುವುದು. ಕೆಲವೇ ವಾರದಲ್ಲಿ ಎಲೆಗಳು ಹಳದಿಯಾದವು, ಆಮೇಲೆ ನೀರು ತುಂಬಿದ ಪ್ಲಾಸ್ಟಿಕ್ ಹಾಳೆಯಂತೆ ಮೆತ್ತಗಾದವು, ಮುಟ್ಟಿದರೆ ಉದುರಿದವು. ಬುಡ ಕಿತ್ತು ನೋಡಿದರೆ ಬೇರೇ ಇರಲಿಲ್ಲ. ಕೊಳೆತ ವಾಸನೆ ಮಾತ್ರ ಇತ್ತು.

ಅದೇ ಹೊತ್ತಿಗೆ ನಮ್ಮ ಗೆಳೆಯನೊಬ್ಬನ ಊರಿಗೆ ಹೋಗಿದ್ದೆವು, ಹಾವೇರಿ ಕಡೆ. ಅವರ ಮನೆಯ ಹಿತ್ತಲ ಕಟ್ಟೆಯ ಮೇಲೆ ಒಡೆದ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಒಂದು ಕಾಡುಬಸಳೆ ಗಿಡ ಸೊಂಟದೆತ್ತರ ಬೆಳೆದು ನಿಂತಿತ್ತು. ಅಜ್ಜಿಗೆ ನಮ್ಮ ಗಿಡಗಳ ಕಥೆ ಹೇಳಿದೆವು. ಅವರು ನಕ್ಕು, ‘ಅದಕ್ಕ ದಿನಾ ನೀರ ಹಾಕಬ್ಯಾಡ್ರಪಾ, ಕೊಳೀತೈತಿ. ಅದು ರಾತ್ರಿ ತನ್ನ ಕೆಲಸ ತಾ ಮಾಡ್ಕೋತೈತಿ’ ಅಂದರು.

ರಾತ್ರಿ ಕೆಲಸ ಮಾಡುತ್ತದೆ ಎಂಬ ಮಾತನ್ನು ಅವರು ಯಾಕೆ ಅಂದರೋ, ಆಗ ನಾವು ಕೇಳಲಿಲ್ಲ. ಆಮೇಲೆ ಓದುತ್ತ ಹೋದಂತೆ ಅದು ಬರೀ ಮಾತಲ್ಲ, ವಿಜ್ಞಾನ ಒಂದೂವರೆ ಶತಮಾನ ತೆಗೆದುಕೊಂಡು ಬಿಡಿಸಿದ ಒಗಟು ಎಂದು ಗೊತ್ತಾಯಿತು. ಆ ಒಗಟಿಗೂ ಬೆಂಗಳೂರಿನ ಲಾಲ್‌ಬಾಗಿಗೂ ಒಂದು ನಂಟಿದೆ. ಅದನ್ನೇ ಇಲ್ಲಿ ಹೇಳಲು ಹೊರಟಿದ್ದೇವೆ.

ಕಾಡುಬಸಳೆಯನ್ನು ನೀವು ನೋಡಿಯೇ ಇರುತ್ತೀರಿ. ದಪ್ಪ ಎಲೆ, ಅಂಚಿನಲ್ಲಿ ಸಣ್ಣ ಸಣ್ಣ ಕಚ್ಚು. ಚಳಿಗಾಲ ಕಳೆಯುವ ಹೊತ್ತಿಗೆ ಉದ್ದ ಕೋಲಿನ ತುದಿಯಲ್ಲಿ ಲಾಟೀನಿನಂತೆ ಜೋತುಬೀಳುವ ಹೂವು. ಎಲೆ ಕಿತ್ತು ನೆಲಕ್ಕೆ ಹಾಕಿದರೆ ಆ ಕಚ್ಚುಗಳಲ್ಲೇ ಮರಿಗಿಡ ಹುಟ್ಟುತ್ತವೆ. ಅದಕ್ಕೇ ಸಂಸ್ಕೃತದಲ್ಲಿ ಇದಕ್ಕೆ ಪರ್ಣಬೀಜ ಎಂಬ ಹೆಸರು, ಎಲೆಯೇ ಬೀಜ. ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ‘ಬ್ರಯೋಫಿಲಮ್’ ಎಂದು ಬರುವ ಗಿಡ ಇದೇ. ಚಿಕ್ಕವರಿದ್ದಾಗ ಎಲೆಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿ, ಮಣ್ಣೂ ನೀರೂ ಇಲ್ಲದೆ ಮರಿ ಒಡೆಯುವುದನ್ನು ಕಾದು ನೋಡಿದ ನೆನಪು ನಮ್ಮಲ್ಲಿ ಇಬ್ಬರಿಗಿದೆ.

ಬೇಲಿಯಲ್ಲಿ, ಹಿತ್ತಲಲ್ಲಿ, ಹಾಳು ಗೋಡೆಯ ಮೇಲೆ ಎಲ್ಲೆಲ್ಲೂ ಇರುವುದರಿಂದ ಇದು ನಮ್ಮದೇ ಗಿಡ ಎಂದು ನಾವೂ ನಂಬಿದ್ದೆವು. ಅಲ್ಲ. ಇದರ ತವರು ಆಫ್ರಿಕಾದ ಪಕ್ಕದ ಮಡಗಾಸ್ಕರ್ ದ್ವೀಪ. ಅಲ್ಲಿಂದ ಹಡಗು ಹತ್ತಿ ಬಿಸಿಲು ನಾಡುಗಳಿಗೆಲ್ಲ ಹರಡಿತು. ಭಾರತಕ್ಕೆ ಬಂದ ಬಗೆಯನ್ನು ಹಳೆಯ ಸಸ್ಯ ದಾಖಲೆಗಳು ಹೀಗೆ ಹೇಳುತ್ತವೆ: 1799ರಲ್ಲಿ ಲೇಡಿ ಕ್ಲೈವ್ ಎಂಬಾಕೆ ಮೊಲುಕ್ಕಾ ದ್ವೀಪಗಳಿಂದ ಬಂದ ಈ ಗಿಡವನ್ನು ಕಲ್ಕತ್ತೆಯ ಸಸ್ಯತೋಟಕ್ಕೆ ಕೊಟ್ಟಳು.

ಈ ಲೇಡಿ ಕ್ಲೈವ್ ಯಾರು? ಪ್ಲಾಸಿ ಯುದ್ಧದ ರಾಬರ್ಟ್ ಕ್ಲೈವನ ಸೊಸೆ, ಹೆಸರು ಹೆನ್ರಿಯೆಟಾ. ಗಂಡ ಎಡ್ವರ್ಡ್ ಕ್ಲೈವ್ ಆಗ ಮದ್ರಾಸಿನ ಗವರ್ನರ್. ಆಕೆಗೆ ಗಿಡ, ಕಲ್ಲು, ಕಪ್ಪೆಚಿಪ್ಪು ಕೂಡಿಡುವ ಹುಚ್ಚಿತ್ತು. ಟಿಪ್ಪು ಸುಲ್ತಾನ ಮಡಿದ ಮರುವರ್ಷ, ಅಂದರೆ 1800ರಲ್ಲಿ, ತನ್ನ ಹೆಣ್ಣುಮಕ್ಕಳನ್ನು ಕರೆದುಕೊಂಡು ಮದ್ರಾಸಿನಿಂದ ಬೆಂಗಳೂರು, ಶ್ರೀರಂಗಪಟ್ಟಣದ ತನಕ ಪಯಣ ಬಂದಿದ್ದಳು.

ಮೊಲುಕ್ಕಾ ಅಂದರೆ ಇಂದಿನ ಇಂಡೋನೇಷ್ಯಾದ ಲವಂಗ, ಜಾಯಿಕಾಯಿ ದ್ವೀಪಗಳು. ಡಚ್ಚರು ಅವನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. 1796ರಲ್ಲಿ ಇಂಗ್ಲಿಷರು ಅವನ್ನು ವಶ ಮಾಡಿಕೊಂಡರು. ಲವಂಗ, ಜಾಯಿಕಾಯಿ ಸಸಿಗಳನ್ನು ಅಲ್ಲಿಂದ ಕಿತ್ತು ತಮ್ಮ ನೆಲದಲ್ಲಿ ನೆಡಬೇಕೆಂದು ಈಸ್ಟ್ ಇಂಡಿಯಾ ಕಂಪನಿ ತೋಟದ ಕೆಲಸ ಬಲ್ಲವರನ್ನು ಅಲ್ಲಿಗೆ ಕಳಿಸಿತು. ದುಡ್ಡಿನ ಗಿಡಗಳನ್ನು ಹುಡುಕುತ್ತಿದ್ದ ಆ ಕಾಲದಲ್ಲಿ, ಯಾವ ದುಡ್ಡಿಗೂ ಬಾರದ ಕಾಡುಬಸಳೆ ಅದೇ ದ್ವೀಪಗಳ ಕಡೆಯಿಂದ ನಮ್ಮಲ್ಲಿಗೆ ಬಂತು. ಅದು ಅಲ್ಲಿನ ಗಿಡ ಎಂದೇ ಆಗ ಬರೆದುಕೊಂಡರು. ಮಡಗಾಸ್ಕರಿನಿಂದ ಮೊದಲೇ ಯಾವುದೋ ಹಡಗಿನಲ್ಲಿ ಅಲ್ಲಿಗೆ ಹೋಗಿ ನೆಲೆಸಿದ್ದು ಅವರಿಗೆ ತಿಳಿಯಲಿಲ್ಲ.

ಹಡಗಿನಲ್ಲಿ ಗಿಡ ಸಾಗಿಸುವುದು ಆಗ ಹುಡುಗಾಟವಲ್ಲ. ತಿಂಗಳುಗಟ್ಟಲೆ ಪಯಣ. ಉಪ್ಪುಗಾಳಿ ಬೇರೆ. ಕುಡಿಯುವ ನೀರಿಗೇ ಬರ ಇರುವಾಗ ಗಿಡಕ್ಕೆ ಯಾರು ಕೊಡುತ್ತಾರೆ? ಹೊರಟ ಸಸಿಗಳಲ್ಲಿ ಹೆಚ್ಚಿನವು ದಡ ಸೇರುತ್ತಿರಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಸಸಿ ಮುಚ್ಚಿಟ್ಟು ಸಾಗಿಸುವ ಉಪಾಯವನ್ನು ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಹಡಗಿನಲ್ಲಿ ಪರೀಕ್ಷೆ ಮಾಡಿ ತೋರಿಸಿದ್ದು 1830ರ ದಶಕದಲ್ಲಿ. ಕಾಡುಬಸಳೆಗೆ ಆ ಪೆಟ್ಟಿಗೆ ಬೇಕಾಗಿಯೇ ಇರಲಿಲ್ಲ. ಒಂದು ಎಲೆ ಉಳಿದರೆ ಸಾಕಿತ್ತು.

ಈಗ ಲಾಲ್‌ಬಾಗಿಗೆ ಬರೋಣ. 1760ರಲ್ಲಿ ಹೈದರಲಿ ಶುರು ಮಾಡಿದ ತೋಟ ಅದು. ಟಿಪ್ಪು ಅದನ್ನು ಬೆಳೆಸಿದ, ಹೊರದೇಶಗಳಿಂದ ಗಿಡ, ಬೀಜ ತರಿಸಿದ. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು. ರಾಜ್ಯದ ಜೊತೆಗೆ ತೋಟಗಳೂ ಕಂಪನಿಯ ಕೈಗೆ ಹೋದವು. ಗೆದ್ದ ನಾಡಿನಲ್ಲಿ ಏನೇನಿದೆ, ಯಾವುದರಿಂದ ಎಷ್ಟು ಆದಾಯ ಎಂದು ಲೆಕ್ಕ ಹಾಕಲು ಕಂಪನಿ ಜನರನ್ನು ಓಡಾಡಿಸಿತು. ಕರ್ನಲ್ ಮೆಕೆಂಜಿಯ ಮೈಸೂರು ಸರ್ವೆ ಶುರುವಾಯಿತು. ಆ ಸರ್ವೆಗೆ ವೈದ್ಯ ಮತ್ತು ಸಸ್ಯಗಳ ಜಾಣ ಎಂದು ಸೇರಿಸಿಕೊಂಡವನು ಬೆಂಜಮಿನ್ ಹೈನೆ. 1800ರ ಹೊತ್ತಿಗೆ ಬೆಂಗಳೂರಿನಲ್ಲಿ ಕಂಪನಿಯ ಸಸ್ಯತೋಟ ಮಾಡುವ ಹೊಣೆಯೂ ಅವನ ಮೇಲೆ ಬಿತ್ತು.

ಹೈನೆ ಇಂಗ್ಲಿಷನಲ್ಲ. ಜರ್ಮನಿಯ ಸ್ಯಾಕ್ಸನಿ ಸೀಮೆಯವನು, ಹುಟ್ಟಿದ್ದು 1770ರಲ್ಲಿ. ಮೊರೇವಿಯನ್ ಪಂಥದ ಮಿಷನರಿಯಾಗಿ ತಮಿಳುನಾಡಿನ ತರಂಗಂಬಾಡಿಗೆ ಬಂದವನು. ಅಲ್ಲಿಂದ ಆಂಧ್ರದ ಸಾಮರ್ಲಕೋಟೆಯ ಕಂಪನಿ ತೋಟಕ್ಕೆ, ಆಮೇಲೆ ಮೈಸೂರು ಸೀಮೆಗೆ. ಕಬ್ಬಿಣ ಕರಗಿಸುವ ಕುಲುಮೆಯಿಂದ ಹಿಡಿದು ಮಣ್ಣಿನ ಗುಣದ ತನಕ ಕಂಡದ್ದನ್ನೆಲ್ಲ ಬರೆದಿಡುವ ಸ್ವಭಾವ ಅವನದು. ಭಾರತದ ಬಗ್ಗೆ ಅವನು ಬರೆದ ಪುಸ್ತಕ 1814ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು, ಅದರಲ್ಲಿ ಮೈಸೂರಿನ ವಿವರಗಳೂ ಇವೆ. 1819ರಲ್ಲಿ ಮದ್ರಾಸಿನಲ್ಲಿ ತೀರಿಕೊಂಡ.

ಈ ಹೈನೆ ಗಿಡಗಳನ್ನು ನೋಡಿ ಸುಮ್ಮನಾಗುತ್ತಿರಲಿಲ್ಲ, ಬಾಯಿಗೂ ಹಾಕಿಕೊಳ್ಳುತ್ತಿದ್ದ. ಭಾರತದಲ್ಲಿದ್ದಾಗ ಕಾಡುಬಸಳೆಯ ಎಲೆಯನ್ನು ಬೆಳಿಗ್ಗೆ ಅಗಿದು ನೋಡಿದ. ಹುಳಿ, ನಮ್ಮ ಪುಂಡಿ ಸೊಪ್ಪನ್ನು ಹಸಿಯಾಗಿ ಕಚ್ಚಿದರೆ ಹೇಗೋ ಹಾಗೆ. ಹೊತ್ತು ಏರಿದಂತೆ ಹುಳಿ ಕಮ್ಮಿಯಾಗುತ್ತ ಬಂತು. ಮಧ್ಯಾಹ್ನದ ಹೊತ್ತಿಗೆ ಸಪ್ಪೆ. ಸಂಜೆಗೆ ತುಸು ಕಹಿ. ಮರುದಿನ ಬೆಳಿಗ್ಗೆ ಮತ್ತೆ ಹುಳಿ. ಒಂದೇ ಗಿಡದ ಎಲೆಗೆ ದಿನದಲ್ಲಿ ಮೂರು ರುಚಿ. ಇದನ್ನು ಅವನು 1813ರಲ್ಲಿ ಲಂಡನ್ನಿನ ಲಿನೇಯನ್ ಸೊಸೈಟಿಯ ಎ. ಬಿ. ಲ್ಯಾಂಬರ್ಟ್ ಎಂಬ ಸಸ್ಯವಿಜ್ಞಾನಿಗೆ ಕಾಗದ ಬರೆದು ತಿಳಿಸಿದ. ಸೊಸೈಟಿಯ ಸಂಪುಟದಲ್ಲಿ ಅದು 1815ರಲ್ಲಿ ಅಚ್ಚಾಯಿತು. ಎರಡು ಮೂರು ಪುಟದ ಕಾಗದ, ಅಷ್ಟೇ. ಇಂದಿಗೂ ಈ ವಿಷಯದ ಮೇಲೆ ಬರೆಯುವ ವಿಜ್ಞಾನಿಗಳು ಹೈನೆಯ ಹೆಸರನ್ನು ಹೇಳಿ ಮುಂದುವರಿಯುತ್ತಾರೆ.

ಕಾರಣ ಏನೆಂದು ಅವನಿಗೆ ಸರಿಯಾಗಿ ಗೊತ್ತಾಗಲಿಲ್ಲ. ರಾತ್ರಿ ಎಲೆಯಲ್ಲಿ ಆಮ್ಲಜನಕ ಸೇರಿಕೊಂಡು ಹುಳಿಯಾಗುತ್ತದೆ, ಹಗಲು ಬೆಳಕು ಅದನ್ನು ಹೊರಗೆ ಹಾಕುತ್ತದೆ ಎಂದು ಊಹಿಸಿದ. ತಪ್ಪು ಊಹೆ. ಆದರೆ ಆ ಕಾಲಕ್ಕೆ ಸಹಜವಾದದ್ದು. ಎಲ್ಲ ಆಮ್ಲಕ್ಕೂ ಆಕ್ಸಿಜನ್ನೇ ಮೂಲ ಎಂದು ಫ್ರಾನ್ಸಿನ ಲವಾಸಿಯೆ ಹೇಳಿಹೋಗಿದ್ದ. ನಮ್ಮ ಕನ್ನಡದ ‘ಆಮ್ಲಜನಕ’ ಎಂಬ ಮಾತನ್ನೇ ನೋಡಿ, ಆಮ್ಲವನ್ನು ಹುಟ್ಟಿಸುವುದು ಎಂದರ್ಥ. ಆ ಹಳೆಯ ತಪ್ಪು ನಮ್ಮ ಪಠ್ಯಪುಸ್ತಕದಲ್ಲಿ ಹೆಸರಾಗಿ ಉಳಿದಿದೆ!

ಇಲ್ಲಿ ನಮಗೊಂದು ಮಾತು ಹೇಳಲೇಬೇಕು. ತೋಟಕ್ಕೆ ದಿನಾ ನೀರು ಹೊತ್ತವರು, ಪಾತಿ ಮಾಡಿದವರು, ಕಳೆ ಕಿತ್ತವರು ಹೈನೆಯಲ್ಲ. ಹಸಿ ಎಲೆಯ ರುಚಿ ಹೊತ್ತಿಗೆ ತಕ್ಕಂತೆ ಬದಲಾಗುವುದನ್ನು ಅವರೂ ಕಂಡಿರಬಹುದು. ಕಾಗದ ಬರೆದು ಲಂಡನ್ನಿಗೆ ಕಳಿಸುವ ದಾರಿ ಅವರಿಗಿರಲಿಲ್ಲ. ಗೆಳೆಯನ ಅಜ್ಜಿಗೆ ನಾವು ಹೈನೆಯ ಕಥೆಯನ್ನು ಫೋನಿನಲ್ಲಿ ಹೇಳಿದಾಗ, ‘ಹೌದೇನು? ಮುಂಜಾನಿ ಎಲಿ ಹುಳಿ ಇರತೈತಿ ಅನ್ನೂದು ನಮ್ಮವ್ವನೂ ಹೇಳತಿದ್ಲು’ ಎಂದು ಸಲೀಸಾಗಿ ಅಂದುಬಿಟ್ಟರು.

ಹಾಗಾದರೆ ರಾತ್ರಿ ಎಲೆಯೊಳಗೆ ಆಗುವುದೇನು?

ಗಿಡ ಊಟ ತಯಾರಿಸಲು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಒಳಗೆ ಎಳೆದುಕೊಳ್ಳಬೇಕು. ಅದಕ್ಕೆ ಎಲೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಾಗಿಲುಗಳಿವೆ, ಶಾಲೆಯಲ್ಲಿ ಪತ್ರರಂಧ್ರ ಎಂದು ಓದಿದ್ದೇವೆ. ಬಾಗಿಲು ತೆಗೆದರೆ ಗಾಳಿ ಒಳಗೆ ಬರುತ್ತದೆ, ಜೊತೆಗೆ ಎಲೆಯೊಳಗಿನ ನೀರು ಆವಿಯಾಗಿ ಹೊರಗೂ ಹೋಗುತ್ತದೆ. ಭತ್ತ, ಬದನೆ, ಮಾವು ಎಲ್ಲ ಹಗಲು ಬಾಗಿಲು ತೆಗೆಯುತ್ತವೆ. ಬೆಳಕು ಇರುವುದೇ ಆಗ. ಬಿಸಿಲಿನಲ್ಲಿ ನೀರೂ ಧಾರಾಳ ಹೋಗುತ್ತದೆ.

ಮಳೆ ಅಪರೂಪವಾದ ನೆಲದ ಗಿಡಕ್ಕೆ ಈ ದುಂದು ತಾಳುವುದಿಲ್ಲ. ಹಾಗಾಗಿ ಕಾಡುಬಸಳೆಯಂಥ ಗಿಡಗಳು ಹಗಲು ಬಾಗಿಲು ಹಾಕಿಕೊಂಡು ಕೂರುತ್ತವೆ. ಹೊತ್ತು ಮುಳುಗಿ ತಂಪಾದ ಮೇಲೆ ತೆಗೆಯುತ್ತವೆ. ರಾತ್ರಿಯಿಡೀ ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತವೆ. ಆದರೆ ಬೆಳಕಿಲ್ಲ, ಅಡುಗೆ ಮಾಡುವಂತಿಲ್ಲ. ಅದಕ್ಕೆ ಅದನ್ನು ಮ್ಯಾಲಿಕ್ ಆಮ್ಲ ಮಾಡಿ ಎಲೆಯ ಜೀವಕೋಶಗಳಲ್ಲಿ ತುಂಬಿಡುತ್ತವೆ. ಸೇಬಿನಲ್ಲಿ ಇರುವ ಹುಳಿಯೂ ಇದೇ. ಬೆಳಗಾದ ಮೇಲೆ ಬಾಗಿಲು ಮುಚ್ಚಿ, ಕೂಡಿಟ್ಟ ಆಮ್ಲವನ್ನು ಒಡೆದು, ಬಿಸಿಲಿನ ಬಲದಿಂದ ಸಕ್ಕರೆ ಮಾಡಿಕೊಳ್ಳುತ್ತವೆ. ಆಮ್ಲ ಖರ್ಚಾದಂತೆ ಹುಳಿ ಇಳಿಯುತ್ತದೆ. ಹೈನೆಯ ನಾಲಿಗೆಗೆ ಸಿಕ್ಕ ಮೂರು ರುಚಿಯ ಗುಟ್ಟು ಇದು.

ಪಂಪ್‌ಸೆಟ್ಟಿಗೆ ರಾತ್ರಿ ತ್ರೀ ಫೇಸ್ ಕರೆಂಟು ಕೊಟ್ಟಾಗ ಎದ್ದು ಹೋಗಿ ತೊಟ್ಟಿ ತುಂಬಿಸಿಕೊಂಡು, ಹಗಲು ಅದರಿಂದ ಬೆಳೆಗೆ ನೀರು ಬಿಡುವ ರೈತರಿಗೆ ಈ ಲೆಕ್ಕ ನಾವು ಬಿಡಿಸಿ ಹೇಳಬೇಕಿಲ್ಲ.

ಎಷ್ಟು ನೀರು ಉಳಿಯುತ್ತದೆ? ಸಸ್ಯಶಾಸ್ತ್ರದ ಪಠ್ಯಗಳು ಕೊಡುವ ಲೆಕ್ಕ ಹೀಗಿದೆ. ಒಂದು ಗ್ರಾಂ ಇಂಗಾಲದ ಡೈಆಕ್ಸೈಡ್ ಗಳಿಸಲು ಭತ್ತ, ಗೋಧಿಯಂಥ ಬೆಳೆ 400ರಿಂದ 500 ಗ್ರಾಂ ನೀರನ್ನು ಗಾಳಿಗೆ ಬಿಡುತ್ತದೆ. ಜೋಳ, ಮೆಕ್ಕೆಜೋಳ, ಕಬ್ಬಿನ ಜಾತಿಯವು 250ರಿಂದ 300 ಗ್ರಾಂ. ರಾತ್ರಿ ಪಾಳಿಯ ಗಿಡಗಳು ಬರೀ 50ರಿಂದ 100 ಗ್ರಾಂ. ಈ ಕೊನೆಯ ಅಂಕಿಯನ್ನು ಓದಿದ ದಿನ, ನಾವು ಕೊಂದ ಮೂರು ಗಿಡಗಳ ಬಗ್ಗೆ ನಮಗೆ ಸಮಜಾಯಿಷಿ ಏನೂ ಉಳಿಯಲಿಲ್ಲ. ಬದನೆ ಸಸಿಗೆ ಹಾಕುವಷ್ಟು ನೀರನ್ನು ನಾವು ಅವಕ್ಕೆ ಹಾಕಿದ್ದೆವು.

ಈ ತಿಳಿವು ಒಮ್ಮೆಗೇ ಬಂದದ್ದಲ್ಲ. ಹೈನೆಗಿಂತ ಮೊದಲೇ, 1804ರಲ್ಲಿ, ಜಿನೀವಾದ ತಿಯೋಡೋರ್ ಡಿ ಸೊಸ್ಯೂರ್ ಎಂಬ ವಿಜ್ಞಾನಿ ಪಾಪಾಸುಕಳ್ಳಿಯ ತುಂಡುಗಳನ್ನು ಗಾಜಿನೊಳಗೆ ಇಟ್ಟು, ಅವು ಕತ್ತಲಲ್ಲಿ ಇಂಗಾಲದ ಡೈಆಕ್ಸೈಡನ್ನು ಹೀರುತ್ತವೆ ಎಂದು ಬರೆದಿದ್ದ. ಬೇರೆ ಗಿಡಗಳು ಕತ್ತಲಲ್ಲಿ ಅದನ್ನು ಹೊರಗೆ ಬಿಡುತ್ತವೆ, ಇದು ಉಲ್ಟಾ. ಒಬ್ಬನಿಗೆ ಗಾಳಿಯ ಲೆಕ್ಕ ಸಿಕ್ಕಿತ್ತು, ಇನ್ನೊಬ್ಬನಿಗೆ ಹುಳಿಯ ಲೆಕ್ಕ. ಎರಡೂ ಒಂದೇ ಹಗ್ಗದ ಎರಡು ತುದಿ ಎಂದು ಸ್ಪಷ್ಟವಾಗಲು ಇಪ್ಪತ್ತನೇ ಶತಮಾನ ಬರಬೇಕಾಯಿತು. 1940ರ ದಶಕದಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಮೆರಿಯನ್ ಥಾಮಸ್ ಮತ್ತು ಜೊತೆಗಾರರು ಇದೇ ಜಾತಿಯ ಗಿಡಗಳ ಮೇಲೆ ಕೆಲಸ ಮಾಡಿದರು. ಈ ಕ್ರಿಯೆಗೆ ಕ್ರಾಸುಲೇಸಿಯನ್ ಆಸಿಡ್ ಮೆಟಬಾಲಿಸಮ್ ಎಂಬ ಹೆಸರು ಆ ಕಾಲದಲ್ಲೇ ಬಂತು. ಚಿಕ್ಕದಾಗಿ ಕ್ಯಾಮ್. ಕ್ರಾಸುಲೇಸಿ ಅನ್ನುವುದು ಕಾಡುಬಸಳೆಯ ಕುಟುಂಬದ ಹೆಸರು.

ಆಮೇಲೆ ಹುಡುಕಿದಷ್ಟೂ ಇಂಥ ಗಿಡಗಳು ಸಿಕ್ಕವು. ಬನವಾಸಿ, ಶಿರಸಿ ಕಡೆ ಬೆಳೆಯುವ ಅನಾನಸು ಕ್ಯಾಮ್ ಗಿಡ. ಹೊಲದ ಬದುವಿನ ಕತ್ತಾಳೆ ಕ್ಯಾಮ್. ಇಪ್ಪತ್ತು ವರ್ಷದ ಹಿಂದೆ ಮಲೆನಾಡಿನವರು ಬೆಲೆಯ ಆಸೆಗೆ ನೆಟ್ಟು ಕೈ ಸುಟ್ಟುಕೊಂಡ ವೆನಿಲಾ ಬಳ್ಳಿ ಕ್ಯಾಮ್. ಈಗ ಬಯಲುಸೀಮೆಯಲ್ಲಿ ಕಲ್ಲುಕಂಬಕ್ಕೆ ಹಬ್ಬಿಸುತ್ತಿರುವ ಡ್ರ್ಯಾಗನ್ ಫ್ರೂಟ್ ಕೂಡ ಅದೇ.

ಮನೆಯೊಳಗೆ ಕುಂಡದಲ್ಲಿ ಕಾಡುಬಸಳೆ ಸಾಕಿದವರಲ್ಲಿ ಎಲ್ಲರಿಗಿಂತ ಹೆಸರಾದವನು ಜರ್ಮನಿಯ ಕವಿ ಗಯಟೆ. ವೈಮಾರ್ ಊರಿನ ತನ್ನ ಮನೆಯಲ್ಲಿ ಕೊನೆಯ ವರ್ಷಗಳಲ್ಲಿ ಇದನ್ನು ಬೆಳೆಸಿದ. ಅವನು ಕವಿ ಮಾತ್ರವಲ್ಲ, ಗಿಡದ ಭಾಗಗಳೆಲ್ಲ ಎಲೆಯದೇ ಬೇರೆ ಬೇರೆ ರೂಪ ಎಂದು ವಾದಿಸಿ ಪುಸ್ತಕ ಬರೆದವನು. ಎಲೆಯ ಅಂಚಿನಲ್ಲೇ ಇಡೀ ಗಿಡ ಹುಟ್ಟುವುದನ್ನು ನೋಡಿ ಅವನಿಗೆ ಹೇಗೆ ಅನಿಸಿರಬೇಡ! ಎಲೆಗಳನ್ನು, ಮರಿಗಿಡಗಳನ್ನು ಗೆಳೆಯರಿಗೆಲ್ಲ ಹಂಚಿದ, ಸಾಕುವ ಬಗೆಯನ್ನೂ ತಿಳಿಸಿದ. ಜರ್ಮನಿಯಲ್ಲಿ ಇಂದಿಗೂ ಇದನ್ನು ‘ಗಯಟೆ ಗಿಡ’ ಎಂದೇ ಕರೆಯುತ್ತಾರೆ. ಅಲ್ಲಿನ ಚಳಿಗೆ ಇದು ಹೊರಗೆ ಬದುಕುವುದಿಲ್ಲ, ಕಿಟಕಿಯ ಒಳಗೇ ಸಾಕಬೇಕು. ನಮ್ಮಲ್ಲಿ ಹಾಳು ಗೋಡೆಗೆ ಬಿಟ್ಟ ಗಿಡ ಅಲ್ಲಿ ಮಹಾಕವಿಯ ಕಿಟಕಿಯಲ್ಲಿ ಕೂತಿತ್ತು.

ನರ್ಸರಿಗಳಲ್ಲಿ ಕಲಂಚೋ ಎಂದು ಮಾರುವ, ಕೆಂಪು, ಹಳದಿ, ಕೇಸರಿ ಗೊಂಚಲು ಹೂವಿನ ಸಣ್ಣ ಕುಂಡದ ಗಿಡ ಇದರ ಹತ್ತಿರದ ನೆಂಟ. ಅದೂ ಮಡಗಾಸ್ಕರಿನದೇ. 1930ರ ದಶಕದಲ್ಲಿ ಜರ್ಮನಿಯ ಪೊಟ್ಸ್‌ಡಾಮಿನ ರಾಬರ್ಟ್ ಬ್ಲಾಸ್‌ಫೆಲ್ಡ್ ಎಂಬ ಗಿಡ ವ್ಯಾಪಾರಿ ಅದನ್ನು ಮಾರುಕಟ್ಟೆಗೆ ತಂದ. ಅದರ ಶಾಸ್ತ್ರೀಯ ಹೆಸರಿನಲ್ಲಿ ಅವನ ಹೆಸರೇ ಇದೆ.

ಈಗ ನಿಮ್ಮ ಕುಂಡದ ವಿಷಯ. ರಾತ್ರಿ ಪಾಳಿಯ ಲೆಕ್ಕ ತಲೆಯಲ್ಲಿದ್ದರೆ ಉಳಿದದ್ದು ತಾನಾಗಿ ಹೊಳೆಯುತ್ತದೆ.

ಎಲೆಯೇ ನೀರಿನ ತೊಟ್ಟಿ. ತೊಟ್ಟಿ ತುಂಬಿರುವಾಗ ಬೇರಿಗೆ ನೀರು ಬೇಡ, ಗಾಳಿ ಬೇಕು. ಮಣ್ಣು ಸದಾ ಹಸಿಯಿದ್ದರೆ ಬೇರಿಗೆ ಉಸಿರುಕಟ್ಟುತ್ತದೆ, ಶಿಲೀಂಧ್ರ ಹತ್ತಿ ಕೊಳೆಯುತ್ತದೆ. ಹಾಗಾಗಿ ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿ. ಪೂರ್ತಿ ಒಣಗಿದ್ದರೆ ಮಾತ್ರ ನೀರು. ಹಾಕುವಾಗ ತಳದ ತೂತಿನಿಂದ ಹರಿದು ಬರುವ ತನಕ ಹಾಕಿ, ಆಮೇಲೆ ಮತ್ತೆ ಒಣಗುವ ತನಕ ಬಿಡಿ. ದಿನಾ ಒಂದು ಗುಟುಕು ಕೊಡುವುದು ಎಲ್ಲಕ್ಕಿಂತ ಕೆಟ್ಟ ರೂಢಿ, ಅದು ನಮ್ಮದೇ ರೂಢಿಯಾಗಿತ್ತು. ಇಷ್ಟು ದಿನಕ್ಕೊಮ್ಮೆ ಎಂದು ನಾವು ಹೇಳುವುದಿಲ್ಲ. ಏಪ್ರಿಲಿನ ರಾಯಚೂರಿಗೂ ಜುಲೈನ ತೀರ್ಥಹಳ್ಳಿಗೂ ಒಂದೇ ಲೆಕ್ಕ ಹೇಗೆ ಹೊಂದುತ್ತದೆ?

ಎಲೆ ನೋಡಿದರೂ ತಿಳಿಯುತ್ತದೆ. ಸುಕ್ಕಾಗಿ ತೆಳ್ಳಗಾದರೆ ಬಾಯಾರಿದೆ, ಒಮ್ಮೆ ನೀರು ಕುಡಿದರೆ ತಿರುಗಿ ತುಂಬಿಕೊಳ್ಳುತ್ತದೆ. ಹಳದಿಯಾಗಿ ಮೆತ್ತಗಾದರೆ ನೀರು ಹೆಚ್ಚಾಗಿದೆ, ಆಗ ಉಳಿಸುವುದು ಕಷ್ಟ. ಬಾಯಾರಿದ ಗಿಡ ಬದುಕುತ್ತದೆ, ಮುಳುಗಿದ ಗಿಡ ಸಾಯುತ್ತದೆ.

ಕುಂಡಕ್ಕೆ ತೂತು ಇರಲೇಬೇಕು. ಅಂದದ ಪಿಂಗಾಣಿ ಬಟ್ಟಲಿಗಿಂತ ಮಣ್ಣಿನ ಕುಂಡ ಮೇಲು, ಅದು ಮೈಯಿಂದಲೂ ತೇವ ಬಿಡುತ್ತದೆ. ಕುಂಡದ ಕೆಳಗೆ ತಟ್ಟೆ ಇಟ್ಟಿದ್ದರೆ ಅದರಲ್ಲಿ ನಿಂತ ನೀರು ಚೆಲ್ಲಿ. ಬರೀ ಎರೆಮಣ್ಣು ಬೇಡವೇ ಬೇಡ. ಕೆಮ್ಮಣ್ಣು ಅಷ್ಟು, ದಪ್ಪ ಮರಳು ಅಥವಾ ಇಟ್ಟಿಗೆ ಚೂರು ಅಷ್ಟು, ಒಂದು ಹಿಡಿ ಹಳೆಯ ಗೊಬ್ಬರ ಸಾಕು. ಬೆಳಗಿನ ಬಿಸಿಲು ಬೀಳುವ ಪೂರ್ವದ ಜಗಲಿ ಒಳ್ಳೆಯ ಜಾಗ. ರಾತ್ರಿ ಕೂಡಿಟ್ಟ ಹುಳಿಯನ್ನು ಊಟ ಮಾಡಿಕೊಳ್ಳಲು ಹಗಲು ಬೆಳಕು ಬೇಕಲ್ಲ, ಕತ್ತಲ ಮೂಲೆಯಲ್ಲಿಟ್ಟರೆ ಗಿಡ ಉದ್ದಕ್ಕೆ ಸೊರಗಿ ಬಾಗುತ್ತದೆ. ಮಳೆಗಾಲದಲ್ಲಿ ಸೂರಿನ ಕೆಳಗೆ ಎಳೆದಿಡಿ. ಎಲೆಯ ಕಂಕುಳಲ್ಲಿ ಬಿಳಿ ಹತ್ತಿಯಂತೆ ಕಂಡರೆ ಹಿಟ್ಟು ತಿಗಣೆ, ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ.

ಹೊಸ ಗಿಡ ಮಾಡಲು ಒಂದು ಎಲೆಯನ್ನು ಒಣ ಮರಳಿನ ಮೇಲೆ ಅಂಗಾತ ಇಟ್ಟರೆ ಆಯಿತು, ಹೂಳಬೇಡಿ. ಮರಿಗೆ ಬೇರು ಬರುವ ತನಕ ನೀರಿನ ಅವಸರವಿಲ್ಲ, ತಾಯಿ ಎಲೆ ಒಣಗುತ್ತ ತನ್ನ ತೊಟ್ಟಿಯಿಂದಲೇ ಮರಿಗೆ ಕೊಡುತ್ತದೆ. ಕಾಂಡ ಕತ್ತರಿಸಿ ನೆಡುವುದಾದರೆ ಎರಡು ಮೂರು ದಿನ ನೆರಳಲ್ಲಿ ಗಾಯ ಒಣಗಿಸಿ ನೆಡಿ.

ಇನ್ನೊಂದು ವಿಷಯ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಈ ಎಲೆ ತಿಂದರೆ ಕಿಡ್ನಿ ಕಲ್ಲು ಕರಗುತ್ತದೆ, ದಿನಾ ಖಾಲಿ ಹೊಟ್ಟೆಗೆ ಇಷ್ಟು ಎಲೆ ತಿನ್ನಿ ಎಂಬ ವಿಡಿಯೋಗಳು ನಮ್ಮ ವಾಟ್ಸಾಪಿಗೂ ಬರುತ್ತವೆ. ಸಾವಿರಾರು ವರ್ಷದ ನಮ್ಮ ಔಷಧ ಎಂದೂ ಅದರಲ್ಲಿ ಹೇಳುತ್ತಾರೆ. ಕಲ್ಕತ್ತೆಯ ತೋಟದ ದಾಖಲೆ 1799ರದ್ದು ಎಂಬುದನ್ನು ನೆನಪಿಡಿ. ಆಯುರ್ವೇದದ ಪಾಷಾಣಭೇದ ಎಂದು ಸಾಮಾನ್ಯವಾಗಿ ಒಪ್ಪುವುದು ಹಿಮಾಲಯದ ಬೇರೆಯೇ ಗಿಡವನ್ನು. ಕಾಡುಬಸಳೆಯನ್ನು ಅದರ ಬದಲಿಗೆ ಬಳಸುವ ರೂಢಿ ಆಮೇಲೆ ಬಂದದ್ದು. ಈ ಗಿಡದಲ್ಲಿ ಹೃದಯದ ಬಡಿತವನ್ನು ಏರುಪೇರು ಮಾಡುವ ಬ್ಯುಫಾಡೈಎನೊಲೈಡ್ ಎಂಬ ವಿಷದ ಅಂಶಗಳಿವೆ. ಆಸ್ಟ್ರೇಲಿಯಾದಲ್ಲಿ ಇದನ್ನೂ ಇದರ ನೆಂಟ ಗಿಡಗಳನ್ನೂ ಮೇದು ದನಗಳು ಸತ್ತಿವೆ. ವಿಷ ಹೂವಿನಲ್ಲೇ ಹೆಚ್ಚು. ಮೇವು ಕಡಿಮೆಯಾದ ಬೇಸಿಗೆಯಲ್ಲಿ ಬೇಲಿಯ ಕಾಡುಬಸಳೆ ಹೂಬಿಟ್ಟಿದ್ದರೆ ದನ, ಕುರಿ, ಮೇಕೆ ಬಾಯಿ ಹಾಕದಂತೆ ನೋಡಿಕೊಳ್ಳಿ. ಕಲ್ಲಿನ ನೋವಿದ್ದವರು ಡಾಕ್ಟರ ಹತ್ತಿರ ಹೋಗಿ ಸ್ಕ್ಯಾನ್ ಮಾಡಿಸಿ.

ಕುಂಡದ ಕಸಿ ಮಾಡಿ ಉಳಿದ ಎಲೆಗಳನ್ನು ಹಳ್ಳಕ್ಕೋ ಗೋಮಾಳಕ್ಕೋ ಎಸೆಯಬೇಡಿ. ಗಲಾಪಗೋಸ್, ಹವಾಯಿ ದ್ವೀಪಗಳಲ್ಲಿ ಇದು ತೋಟದಿಂದ ತಪ್ಪಿಸಿಕೊಂಡು ಅಲ್ಲಿನ ಗಿಡಗಳ ಜಾಗ ಹಿಡಿದು ದೊಡ್ಡ ಕಳೆಯಾಗಿದೆ. ಹಡಗಿನಲ್ಲಿ ಸಾಯದ ಎಲೆ ತಿಪ್ಪೆಯಲ್ಲಿ ಸಾಯುತ್ತದೆಯೇ?

ಹೈನೆಯ ಹಾಗೆ ನೀವು ಎಲೆ ಅಗಿಯುವುದು ಬೇಡ. ಅದೇ ಪರೀಕ್ಷೆಯನ್ನು ಬೇರೆ ರೀತಿ ಮಾಡಬಹುದು, ಮನೆಯಲ್ಲಿ ಮಕ್ಕಳಿದ್ದರೆ ಅವರ ಕೈಲೇ ಮಾಡಿಸಿ. ಕೆಂಪು ದಾಸವಾಳದ ಎಸಳನ್ನು ಬಿಳಿ ಕಾಗದಕ್ಕೆ ಉಜ್ಜಿ. ನೀಲಿ ನೇರಳೆ ಬಣ್ಣ ಹತ್ತುತ್ತದೆ. ನಿಂಬೆರಸ ಒಂದು ಹನಿ ಬಿಟ್ಟರೆ ಅಲ್ಲಿ ಕೆಂಪಗಾಗುತ್ತದೆ, ಹುಳಿಯ ಗುರುತು ಅದು. ಇನ್ನು ಬೆಳಿಗ್ಗೆ ಹೊತ್ತು ಮೂಡುವ ಮೊದಲು ಕಾಡುಬಸಳೆಯ ಒಂದು ಎಲೆ ಕಿತ್ತು ಜಜ್ಜಿ ರಸ ಬಿಡಿ. ಅದೇ ಗಿಡದ ಇನ್ನೊಂದು ಎಲೆಯನ್ನು ಬಿಸಿಲು ಚೆನ್ನಾಗಿ ಬಿದ್ದ ದಿನ ಸಂಜೆ ನಾಲ್ಕಕ್ಕೆ ಕಿತ್ತು ಪಕ್ಕದಲ್ಲಿ ಬಿಡಿ. ಕೆಲಸ ಮುಗಿದ ಮೇಲೆ ಕೈ ತೊಳೆದುಕೊಳ್ಳಿ.

ಗೆಳೆಯನ ಅಜ್ಜಿ ಕೊಟ್ಟ ಎಲೆಯಿಂದ ಬೆಳೆಸಿದ ಗಿಡದ ಮೇಲೆ ನಾವು ಇದನ್ನು ಮಾಡಿದೆವು. ಬೆಳಗಿನ ರಸ ಬಿದ್ದಲ್ಲಿ ಕಾಗದ ಗುಲಾಬಿ ಕೆಂಪಾಯಿತು. ಸಂಜೆಯ ರಸ ಬಿದ್ದಲ್ಲಿ ನೇರಳೆ ಬಣ್ಣ ಹೆಚ್ಚುಕಡಿಮೆ ಹಾಗೇ ಉಳಿಯಿತು. ಆ ಕಾಗದವನ್ನು ಕಿಟಕಿಯ ಪಕ್ಕ ಗೋಡೆಗೆ ಅಂಟಿಸಿದ್ದೇವೆ, ಅದರ ಕೆಳಗೆ ನೀರು ಹಾಕಿದ ದಿನವನ್ನು ಬರೆದಿಡುವ ಒಂದು ಚೀಟಿ. ಹಾಕಿದವರು ಹೆಸರೂ ಬರೆಯಬೇಕು ಎಂದು ನಾಲ್ವರೂ ಸೇರಿ ಠರಾವು ಮಾಡಿದ್ದೇವೆ. ಚೀಟಿಯ ಕೊನೆಯ ತಾರೀಖಿಗೆ ಇವತ್ತಿಗೆ ಹನ್ನೊಂದು ದಿನವಾಯಿತು, ಎಲೆಗಳು ಇನ್ನೂ ಗಟ್ಟಿಯಾಗಿವೆ.